ಬುಕ್ಕರಾಯನ ಕಾಲದ ವಾದ, ಸಂಡೂರಿನ ಕಲ್ಲು

ಹಂಪಿಗೆ ವೀಕೆಂಡ್ ಟ್ರಿಪ್ ಬಂದವರು ಸಾಮಾನ್ಯವಾಗಿ ಕೇಳೋದು: ಈ ಬಂಡೆಗಳನ್ನ ಹೀಗೆ ಪೇರಿಸಿಟ್ಟವರು ಯಾರು? ಹೊಳೆ ಪಕ್ಕದ ನಮ್ಮ ಬುಕ್ಕಸಾಗರದಲ್ಲಿ ಉತ್ತರ ಸಿದ್ಧ ಇರುತ್ತೆ. ವಾಲಿ ಸುಗ್ರೀವರ ಜಗಳದಲ್ಲಿ ವಾನರರು ಎಸೆದಾಡಿದ ಕಲ್ಲುಗಳು. ಭೂವಿಜ್ಞಾನಿಗಳ ಪ್ರಕಾರ ಇದು ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ತಣಿದ ಗ್ರಾನೈಟು. ಮೇಲಿನ ಪದರ ಸವೆದು, ಬಿರುಕುಗಳಲ್ಲಿ ನೀರಿಳಿದು, ಮೂಲೆಗಳು ದುಂಡಗಾದವು. ಎರಡನ್ನೂ ಕೇಳಿ ಬೆಳೆದ ನನಗೆ ಕಸಿವಿಸಿಯಾಗೋದು ಆಫೀಸಿನ ಕ್ಯಾಂಟೀನಿನಲ್ಲಿ ಸಿಗೋ ಮೂರನೇ ಉತ್ತರದಿಂದ: ಬಿಗ್ ಬ್ಯಾಂಗ್ ನಮ್ಮ ವೇದದಲ್ಲೇ ಇದೆ ಬಿಡಿ.

ಹಾಗನ್ನೋರು ತೋರಿಸೋದು ಋಗ್ವೇದದ ಹತ್ತನೇ ಮಂಡಲದ 129ನೇ ಸೂಕ್ತವನ್ನ, ಅಂದರೆ ನಾಸದೀಯ ಸೂಕ್ತವನ್ನ. ತಮಾಷೆ ಅಂದ್ರೆ, ಋಗ್ವೇದಕ್ಕೆ ಪೂರ್ತಿ ಭಾಷ್ಯ ಬರೆದ ಸಾಯಣ ಇದ್ದದ್ದು ಇಲ್ಲೇ, ವಿಜಯನಗರದಲ್ಲಿ, 14ನೇ ಶತಮಾನದಲ್ಲಿ. ಅವನಿಗೆ ಆಶ್ರಯ ಕೊಟ್ಟವನು ನಮ್ಮೂರ ಹೆಸರಲ್ಲೂ ಕೇಳಿಸೋ ಬುಕ್ಕರಾಯ. ಆ ಸೂಕ್ತ ಉತ್ತರ ಕೊಡೋದೇ ಇಲ್ಲ. ದೇವತೆಗಳೇ ಸೃಷ್ಟಿಯ ಈಚೆಗೆ ಬಂದವರು, ಹಾಗಾದರೆ ಬಲ್ಲವರು ಯಾರು ಅಂತ ಕೇಳುತ್ತೆ. ಮೇಲಿದ್ದು ನೋಡುವವನಿಗೆ ಗೊತ್ತಿರಬಹುದು, ಅವನಿಗೂ ಗೊತ್ತಿಲ್ಲದಿರಬಹುದು ಅಂತ ಮುಗಿಯುತ್ತೆ. ಸಾಯಣ ಮಾತ್ರ ಸರ್ವಜ್ಞನಾದ ಈಶ್ವರನೊಬ್ಬನೇ ಬಲ್ಲ ಅಂತ ಅರ್ಥ ಹೇಳಿದ. ಋಷಿ ತೆರೆದಿಟ್ಟ ಬಾಗಿಲನ್ನ ಭಾಷ್ಯಕಾರ ಮೆಲ್ಲಗೆ ಮುಂದೆ ಮಾಡಿದ ಅನ್ನೋದು ನನ್ನ ಅನಿಸಿಕೆ.

ಆದರೆ ಅದೇ ಕಾಲದ ಇನ್ನೊಂದು ಪುಸ್ತಕ ಬಾಗಿಲನ್ನ ಹಾರು ಹೊಡೆಯುತ್ತೆ: 'ಸರ್ವದರ್ಶನಸಂಗ್ರಹ'. ಸಾಯಣನ ಅಣ್ಣ ಮಾಧವನ ಹೆಸರಲ್ಲಿದೆ (ಉಡುಪಿಯ ಮಧ್ವರಲ್ಲ), ಬರೆದವನು ಅವನೇನಾ ಅನ್ನೋದರಲ್ಲಿ ವಿದ್ವಾಂಸರಲ್ಲಿ ತಕರಾರಿದೆ. ಗ್ರಂಥಕರ್ತ ಅದ್ವೈತಿ. ಆದರೂ ಹದಿನಾರು ದರ್ಶನಗಳಲ್ಲಿ ಮೊದಲ ಎಲೆ ಹಾಕಿದ್ದು ಚಾರ್ವಾಕನಿಗೆ! ಕಾರಣವೂ ಕೊಡ್ತಾನೆ: ಜನ ಹೇಗಿದ್ದರೂ ದುಡ್ಡು, ಸುಖ ಅಂತ ಅವನ ದಾರಿಯಲ್ಲೇ ನಡೀತಾರೆ, ಹಾಗಾಗಿ ಅವನನ್ನ ಕಿತ್ತುಹಾಕೋದು ಕಷ್ಟ. ಇಎಂಐ ಕಟ್ಟೋ ನಮಗೆ ಇದು ಚೆನ್ನಾಗೇ ಅರ್ಥವಾಗುತ್ತೆ.

ಚಾರ್ವಾಕನ ವಾದ ಇಷ್ಟು. ಮಣ್ಣು, ನೀರು, ಬೆಂಕಿ, ಗಾಳಿ ನಾಲ್ಕೇ ಇರೋದು. ಹುಳಿ ಬಂದಾಗ ಹೆಂಡಕ್ಕೆ ಅಮಲು ಹುಟ್ಟೋ ಹಾಗೆ, ಇವು ಸೇರಿದಾಗ ಚೈತನ್ಯ ಹುಟ್ಟುತ್ತೆ. ಬೆಂಕಿ ಬಿಸಿ, ನೀರು ತಂಪು. ಅದು ಅದರ ಸ್ವಭಾವ, ಮಾಡಿದವನು ಬೇಕಿಲ್ಲ. ಮುಂದೆ ನೈಯಾಯಿಕರು ಬಂದು ಮಡಕೆಗೆ ಕುಂಬಾರ ಇದ್ದ ಮೇಲೆ ಜಗತ್ತಿಗೂ ಕರ್ತೃ ಇರಲೇಬೇಕು ಅಂತಾರೆ. ಜೈನರು ಇದನ್ನ ಒಪ್ಪೋದಿಲ್ಲ. ಅವರಿಗೆ ಜಗತ್ತು ಅನಾದಿ, ಯಾರೂ ಮಾಡಿದ್ದಲ್ಲ. ಕರುವಿಗಾಗಿ ಹಾಲು ತಾನೇ ಸುರಿಯೋ ಹಾಗೆ ಜಡ ಪ್ರಕೃತಿಯೇ ಕೆಲಸ ಮಾಡುತ್ತೆ ಅನ್ನೋದು ಸಾಂಖ್ಯರ ಮಾತು. ಎದುರಾಳಿಯ ವಾದವನ್ನ ಅವನಿಗಿಂತ ಚೆನ್ನಾಗಿ ಹೇಳಿ ಆಮೇಲೆ ಖಂಡಿಸೋ ಈ ಪದ್ಧತಿಗೆ ಪೂರ್ವಪಕ್ಷ ಅಂತ ಹೆಸರು. ನಮ್ಮ ಡಿಸೈನ್ ರಿವ್ಯೂಗಳಲ್ಲಿ ಇದರ ಕಾಲು ಭಾಗ ಇದ್ದರೂ ಸಾಕಿತ್ತು.

ಇದೆಲ್ಲ ಬರೀ ಪುಸ್ತಕದ ಮಾತಾಗಿರಲಿಲ್ಲ. 1368ರಲ್ಲಿ ಜೈನರು ಶ್ರೀವೈಷ್ಣವರ ಮೇಲೆ ದೂರು ತಂದಾಗ ಬುಕ್ಕರಾಯ ಜೈನರ ಕೈಯನ್ನ ವೈಷ್ಣವರ ಕೈಯಲ್ಲಿ ಇಟ್ಟು, ಎರಡು ದರ್ಶನಗಳಿಗೆ ಭೇದವಿಲ್ಲ ಅಂತ ಕಟ್ಟು ಮಾಡಿದ. ಶ್ರವಣಬೆಳಗೊಳದ ಶಾಸನದಲ್ಲಿದೆ. ಸೃಷ್ಟಿಕರ್ತನೇ ಇಲ್ಲ ಅನ್ನುವವರ ಪೂಜೆಗೂ ರಾಜನ ರಕ್ಷಣೆ ಇತ್ತು.

ಬಿಗ್ ಬ್ಯಾಂಗ್ ಗೆದ್ದ ರೀತಿ ಬೇರೆ. ವಿಶ್ವಕ್ಕೆ ಆದಿ ಇಲ್ಲ ಅಂತ 1948ರಲ್ಲಿ ಹಾಯ್ಲ್, ಬಾಂಡಿ, ಗೋಲ್ಡ್ ವಾದಿಸಿದರು. 1965ರಲ್ಲಿ ಪೆಂಜಿಯಾಸ್, ವಿಲ್ಸನ್ ಆಂಟೆನಾಕ್ಕೆ ಸಿಕ್ಕ ಮೈಕ್ರೋವೇವ್ ಗುಂಯ್‌ಗುಡುವಿಕೆ ಪ್ರಕಟವಾದ ಮೇಲೆ ಆ ವಾದದ ಕಾಲು ಕುಸಿಯಿತು. ಅಳತೆ ಮಾಡಿ ಗೆದ್ದಿದ್ದನ್ನ ಸೂಕ್ತದ ಹೆಸರಿಗೆ ಬರೆದರೆ ಅಳತೆಗೂ ಅವಮಾನ, ಪ್ರಶ್ನೆ ಕೇಳಿದ ಋಷಿಗೂ ಅವಮಾನ. ಚಾರ್ವಾಕನನ್ನ ಬಯೋಕೆಮಿಸ್ಟ್ ಮಾಡೋದೂ ಅದೇ ಜಾತಿಯ ತಪ್ಪು; ಮೊದಲ ಜೀವ ಹುಟ್ಟಿದ್ದು ಬಿಸಿ ಕೊಳದಲ್ಲೋ ಕಡಲತಳದ ಬಿಸಿನೀರ ಬುಗ್ಗೆಯಲ್ಲೋ ಅನ್ನೋ ಜಗಳ ಇನ್ನೂ ಮುಗಿದಿಲ್ಲ.

ಆ ಜಗಳಕ್ಕಿಂತ ಈಚಿನ ಒಂದಿಷ್ಟು ಪುರಾವೆ ಸಂಡೂರಿನ ಗುಡ್ಡಗಳಲ್ಲಿದೆ. ಅಲ್ಲಿನ ಹಳೆಯ ಶಿಲೆಗಳಲ್ಲಿ ಸ್ಟ್ರೊಮಾಟೊಲೈಟುಗಳು ಸಿಕ್ಕಿವೆ: ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಪದರದ ಮೇಲೆ ಪದರ ಕಟ್ಟಿದ ಗುಡ್ಡೆಗಳು. ಅಂಥ ಜೀವಿಗಳು ಬಿಟ್ಟ ಆಮ್ಲಜನಕ ಕಡಲಿನಲ್ಲಿ ಕರಗಿದ್ದ ಕಬ್ಬಿಣವನ್ನ ತಳಕ್ಕಿಳಿಸಿ ಪಟ್ಟೆ ಪಟ್ಟೆ ಅದಿರಾಗಿಸಿತು ಅನ್ನೋದು ಹೆಚ್ಚಿನವರು ಒಪ್ಪೋ ವಿವರಣೆ. ಅದೇ ಅದಿರು ಹೊತ್ತ ಲಾರಿಗಳ ಕೆಂಪು ಧೂಳನ್ನ ಹೊಸಪೇಟೆ ಕಡೆಯವರು ವರ್ಷಗಟ್ಟಲೆ ಬಟ್ಟೆಯಿಂದ ಕೊಡವಿದ್ದೇವೆ.