ಮೇನ್‌ಫ್ರೇಮ್ ವಠಾರದಲ್ಲಿ ಪೆಂಗ್ವಿನ್

1999ರ ಡಿಸೆಂಬರ್. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಹುಡುಗ ಹುಡುಗಿಯರು ಅಮೆರಿಕದ ಬ್ಯಾಂಕು, ವಿಮಾ ಕಂಪನಿಗಳ ಮೇನ್‌ಫ್ರೇಮುಗಳ ಮೇಲೆ ಹಗಲು ರಾತ್ರಿ ಕೂತು, ಕೊಬಾಲ್ ಪ್ರೋಗ್ರಾಮುಗಳಲ್ಲಿ ಎರಡಂಕಿಯಲ್ಲಿದ್ದ ಇಸವಿಯನ್ನು ನಾಲ್ಕಂಕಿಗೆ ತಿದ್ದುವ ಕೆಲಸ ಮುಗಿಸುತ್ತಿದ್ದರು. ವೈಟುಕೆ ಮುಗಿದ ಮೇಲೆ ಈ ದೈತ್ಯ ಯಂತ್ರಗಳ ಕಾಲವೂ ಮುಗಿಯಿತು ಎಂಬ ಮಾತು ಆಗ ಜೋರಾಗಿತ್ತು. ಅದೇ ತಿಂಗಳ 18ರಂದು ಐಬಿಎಂ ತನ್ನ ಎಸ್/390 ಮೇನ್‌ಫ್ರೇಮಿನ ಮೇಲೆ ಲಿನಕ್ಸ್ ಓಡಿಸುವ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. 2.2.13 ಕರ್ನಲ್ಲಿಗೆ ಹಚ್ಚುವ ಪ್ಯಾಚುಗಳು ಅವು. ಬರೆದವರು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರದ ಬೋಬ್ಲಿಂಗನ್ ಪ್ರಯೋಗಾಲಯದವರು, ಹಂಚಿದ್ದು ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿಯ ಮಾರಿಸ್ಟ್ ಕಾಲೇಜಿನವರು. ವೈಟುಕೆ ಗದ್ದಲದಲ್ಲಿ ಈ ಸುದ್ದಿಯನ್ನು ಗಮನಿಸಿದವರು ಕಡಿಮೆ.

ಮೇನ್‌ಫ್ರೇಮಿಗೆ ಯುನಿಕ್ಸ್ ಕುಲದ ವ್ಯವಸ್ಥೆ ಹೊಸದೇನೂ ಆಗಿರಲಿಲ್ಲ. ಆಮ್ಡಾಲ್ ಕಂಪನಿ 1980ರ ದಶಕದ ಮೊದಲಲ್ಲೇ ಯುಟಿಎಸ್ ಎಂಬ ಯುನಿಕ್ಸನ್ನು ಮಾರುತ್ತಿತ್ತು. ಐಬಿಎಂ ಕೂಡ ಎಐಎಕ್ಸ್‌ನ ಮೇನ್‌ಫ್ರೇಮ್ ರೂಪಗಳನ್ನು ತಂದು ನೋಡಿತ್ತು. ಯಾವುದೂ ಹೆಚ್ಚು ಹರಡಲಿಲ್ಲ. ಲಿನಕ್ಸನ್ನು ಅಲ್ಲಿಗೆ ಒಯ್ಯುವ ಮೊದಲ ಯತ್ನವೂ ಐಬಿಎಂನದಲ್ಲ. ಲಿನಸ್ ವೆಪ್‌ಸ್ಟಸ್ ಎಂಬ ಪ್ರೋಗ್ರಾಮರ್ 1998ರಲ್ಲಿ 'ಬಿಗ್‌ಫುಟ್' ಎಂಬ ಹೆಸರಿನಲ್ಲಿ ಅದನ್ನು ಶುರು ಮಾಡಿದ್ದರು. ಕಂಪನಿಯ ಸ್ವಂತ ಕೋಡು ಹೊರಬಿದ್ದ ಮೇಲೆ ಆ ಕೆಲಸ ಮೂಲೆಗೆ ಬಿತ್ತು. ಮುಕ್ತ ಸಾಫ್ಟ್‌ವೇರ್ ಲೋಕದಲ್ಲೂ ಯಂತ್ರದ ಒಳಗುಟ್ಟು ಗೊತ್ತಿರುವವರ ಮುಂದೆ ಹೊರಗಿನವರು ಗೆಲ್ಲುವುದು ಕಷ್ಟ.

ಹಿಂದಿನ ಯುನಿಕ್ಸ್‌ಗಳು ಸೋತ ಕಡೆ ಲಿನಕ್ಸ್ ಯಾಕೆ ಗೆದ್ದಿತು? ಲಿನಕ್ಸಿನ ಗುಣ ಅರ್ಧ ಕಾರಣ. ಉಳಿದರ್ಧ ಮೇನ್‌ಫ್ರೇಮಿನಲ್ಲಿ ಮೊದಲಿಂದಲೂ ಇದ್ದ ಒಂದು ಹಳೆಯ ವಿದ್ಯೆ. 1960ರ ದಶಕದ ನಡುವೆ ಮಸಾಚುಸೆಟ್ಸ್‌ನ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ ಮತ್ತು ಸಂಗಡಿಗರು ಒಂದು ಕಂಪ್ಯೂಟರಿನಲ್ಲಿ ಕೂತ ಪ್ರತಿಯೊಬ್ಬರಿಗೂ ಇಡೀ ಯಂತ್ರ ತನ್ನದೇ ಎನಿಸುವಂತೆ ಮಾಡುವ ಉಪಾಯ ಕಂಡುಹಿಡಿದರು. ಅದು 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು, ಇಂದಿನ ಝಡ್/ವಿಎಂ ಅದರದೇ ಕುಡಿ. ಹಳೇ ಬೆಂಗಳೂರಿನ ವಠಾರದ ಹಾಗೆ: ಬಾವಿ ಒಂದು, ಅಂಗಳ ಒಂದು, ಆದರೆ ಪ್ರತಿ ಬಾಡಿಗೆದಾರರಿಗೂ ತಮ್ಮದೇ ಬಾಗಿಲು, ತಮ್ಮದೇ ಬೀಗ. ವರ್ಚುವಲ್ ಮಷೀನ್ ಎಂಬುದು ಪಿಸಿ ಲೋಕಕ್ಕೆ ವಿಎಂವೇರ್ ಮೂಲಕ ಹೊಸದಾಗಿ ಪರಿಚಯವಾದದ್ದು 1999ರಲ್ಲಿ. ಅಷ್ಟು ಹೊತ್ತಿಗೆ ವಿಎಂಗೆ ಇಪ್ಪತ್ತೇಳು ವರ್ಷ ವಯಸ್ಸು.

ಎಷ್ಟು ಬಾಡಿಗೆದಾರರನ್ನು ತುಂಬಬಹುದು ಎಂಬ ಕುತೂಹಲಕ್ಕೆ 2000ದ ಆರಂಭದಲ್ಲಿ ಡೇವಿಡ್ ಬಾಯ್ಸ್ ಎಂಬ ತಜ್ಞ ಒಂದು ಪರೀಕ್ಷೆ ನಡೆಸಿದರು. ಒಂದೇ ಮೇನ್‌ಫ್ರೇಮಿನಲ್ಲಿ ಲಿನಕ್ಸ್ ಪ್ರತಿಗಳನ್ನು ಒಂದರ ಮೇಲೊಂದು ಎಬ್ಬಿಸುತ್ತ ಹೋಗಿ, 41,400ಕ್ಕೆ ಬಂದಾಗ ಯಂತ್ರ ಸಾಕು ಎಂದಿತು. ಉಪಯೋಗಕ್ಕೆ ಬರುವ ಸಂಖ್ಯೆ ಅದಲ್ಲ, ಅಷ್ಟು ಪ್ರತಿಗಳು ಒಟ್ಟಿಗೆ ನಿಜವಾದ ಕೆಲಸ ಮಾಡಲಾರವು. ಆದರೂ ಈ ವಿದ್ಯೆಯ ಬಗ್ಗೆ ಬರೆದವರೆಲ್ಲ ಅದನ್ನು ಉಲ್ಲೇಖಿಸಿದರು. ನಾನೂ ಉಲ್ಲೇಖಿಸುತ್ತಿದ್ದೇನೆ.

ಇಂಥ ದಟ್ಟಣೆಯಲ್ಲೇ ಒಂದು ವಿಚಿತ್ರ ತೊಂದರೆ ಎದ್ದುಬಂತು. ಆಗಿನ ಲಿನಕ್ಸ್ ಕರ್ನಲ್ ತಾನೊಬ್ಬನೇ ಯಂತ್ರದ ಯಜಮಾನ ಎಂದು ನಂಬಿಕೊಂಡೇ ಬೆಳೆದದ್ದು. ಕೆಲಸ ಇರಲಿ ಇಲ್ಲದಿರಲಿ, ಸೆಕೆಂಡಿಗೆ ನೂರು ಸಲ ಎದ್ದು ಗಡಿಯಾರ ನೋಡಿ ಮಲಗುತ್ತಿತ್ತು. ಮೇಜಿನ ಮೇಲಿನ ಪಿಸಿಯಲ್ಲಿ ಇದು ಲೆಕ್ಕಕ್ಕೇ ಬಾರದ ಖರ್ಚು. ಒಂದು ಯಂತ್ರದಲ್ಲಿ ಸಾವಿರ ಲಿನಕ್ಸ್‌ಗಳಿದ್ದರೆ? ಸೆಕೆಂಡಿಗೆ ಲಕ್ಷ ಸಲ ಪ್ರೊಸೆಸರನ್ನು ಸುಮ್ಮನೆ ಎಬ್ಬಿಸಿದಂತಾಯಿತು. ಯಾರೂ ಏನೂ ಮಾಡದಿದ್ದರೂ ಯಂತ್ರ ದುಡಿದು ಸುಸ್ತಾಗುತ್ತದೆ. ಬೋಬ್ಲಿಂಗನ್ ತಂಡದ ಮಾರ್ಟಿನ್ ಶ್ವಿಡೆಫ್‌ಸ್ಕಿ ಕೆಲಸವಿಲ್ಲದಾಗ ಗಡಿಯಾರವನ್ನೇ ನಿಲ್ಲಿಸುವ ಪ್ಯಾಚು ಬರೆದರು. ಸಾಮಾನ್ಯ ಪಿಸಿಗಳ ಕರ್ನಲ್ಲಿಗೆ ಇದೇ ವಿಚಾರ ಬೇರೆ ರೂಪದಲ್ಲಿ ಬಂದದ್ದು 2007ರಲ್ಲಿ, ಅದೂ ಲ್ಯಾಪ್‌ಟಾಪ್ ಬ್ಯಾಟರಿ ಉಳಿಸುವ ಒತ್ತಡದಿಂದ.

ಮೇನ್‌ಫ್ರೇಮಿನ ವಿಚಾರ ಎಲ್ಲರ ಲಿನಕ್ಸಿಗೂ ಬಂದದ್ದಕ್ಕೆ ಇನ್ನೊಂದು ಉದಾಹರಣೆ ಇದಕ್ಕಿಂತ ಚೆನ್ನ. ಇಂದು ಕ್ಲೌಡ್ ಸರ್ವರ್ ಬಾಡಿಗೆಗೆ ಪಡೆದ ಯಾರೇ 'ಟಾಪ್' ಕಮಾಂಡ್ ಕೊಟ್ಟರೂ ಸಿಪಿಯು ಸಾಲಿನ ಕೊನೆಯಲ್ಲಿ 'ಎಸ್‌ಟಿ' ಎಂಬ ಅಂಕಿ ಕಾಣುತ್ತದೆ. ನಮ್ಮ ಲಿನಕ್ಸ್ ಕೆಲಸಕ್ಕೆ ಸಿದ್ಧವಾಗಿ ನಿಂತಿದ್ದಾಗ ಯಂತ್ರವನ್ನು ಹಲವರಿಗೆ ಹಂಚುವ ಕೆಳಗಿನ ಹೈಪರ್‌ವೈಸರ್ ಪ್ರೊಸೆಸರನ್ನು ಬೇರೆಯವರಿಗೆ ಕೊಟ್ಟ ಹೊತ್ತಿನ ಲೆಕ್ಕ ಅದು. 2005ರಲ್ಲಿ ಈ ಲೆಕ್ಕ ಕರ್ನಲ್ಲಿಗೆ ಸೇರಿದ್ದು ಮೇನ್‌ಫ್ರೇಮಿನ ಕೆಲಸದ ಭಾಗವಾಗಿ. ಮೇನ್‌ಫ್ರೇಮನ್ನು ಕಣ್ಣಾರೆ ನೋಡದವರೂ ದಿನಾ ಓದುವ ಅಂಕಿ.

ಮೊದಲ ವರ್ಷಗಳ ಪಾಡು ಮೋಜಿನದ್ದೂ ಹೌದು. 3270 ಟರ್ಮಿನಲ್ಲಿನ ಕನ್ಸೋಲಿನಲ್ಲಿ ಒಂದೊಂದೇ ಸಾಲು ಟೈಪಿಸಬೇಕು, ಲಿನಕ್ಸಿನವರ ಪ್ರೀತಿಯ 'ವಿಐ' ಎಡಿಟರ್ ಅಲ್ಲಿ ತೆರೆಯುವುದೇ ಇಲ್ಲ. ಯಂತ್ರದ ಉಳಿದ ಭಾಗ ಎಬ್ಸಿಡಿಕ್ ಅಕ್ಷರಸಂಕೇತದಲ್ಲಿ ಮಾತಾಡಿದರೆ ಲಿನಕ್ಸ್ ಆಸ್ಕಿಯಲ್ಲಿ. ಮೇಲಾಗಿ ಮುಖ್ಯ ನೆಟ್‌ವರ್ಕ್ ಕಾರ್ಡಿನ ವೇಗದ ಡ್ರೈವರುಗಳನ್ನು ಐಬಿಎಂ ಸೋರ್ಸ್ ಇಲ್ಲದೆ ಬರೀ ಬೈನರಿಯಾಗಿ ಕೊಡುತ್ತಿತ್ತು. ಕರ್ನಲ್ಲಿನ ಒಂದು ಸಣ್ಣ ಆವೃತ್ತಿ ಬದಲಾದರೂ ಅದಕ್ಕೆ ಹೊಂದುವ ಬೈನರಿ ಬರುವ ತನಕ ಕಾಯಬೇಕು. ಕೆಲವು ವರ್ಷಗಳ ಬೈಗುಳ ತಿಂದ ಮೇಲೆ ಅವನ್ನೂ ತೆರೆದರು.

ತಂತ್ರದ ತೊಡಕು ಹೀಗೆ ಒಂದೊಂದಾಗಿ ಬಿಡಿಸಿಕೊಂಡಿತು. ಆದರೆ ಈ ವಿದ್ಯೆಯ ಏಳುಬೀಳನ್ನು ನಿಜವಾಗಿ ನಿರ್ಧರಿಸಿದ್ದು ಲೈಸೆನ್ಸಿನ ಗಣಿತ ಎಂದೇ ನನ್ನ ಎಣಿಕೆ. ಮೇನ್‌ಫ್ರೇಮಿನಲ್ಲಿ ಸಾಫ್ಟ್‌ವೇರ್ ಬಾಡಿಗೆಯನ್ನು ಯಂತ್ರದ ಸಾಮರ್ಥ್ಯ ನೋಡಿ ವಸೂಲು ಮಾಡುವುದು ರೂಢಿ. ಲಿನಕ್ಸಿಗೆಂದು ಒಂದು ಪ್ರೊಸೆಸರ್ ಹೆಚ್ಚಿಸಿದರೆ, ಅದಕ್ಕೆ ಸಂಬಂಧವೇ ಇಲ್ಲದ ಹಳೆಯ ಡೇಟಾಬೇಸ್, ಕೊಬಾಲ್ ಕಂಪೈಲರುಗಳ ಬಿಲ್ಲೂ ಏರುತ್ತದೆ. 2000ದಲ್ಲಿ ಐಬಿಎಂ ಇದಕ್ಕೊಂದು ದಾರಿ ಮಾಡಿತು. ಐಎಫ್‌ಎಲ್ ಎಂಬ ಪ್ರೊಸೆಸರ್ ಅದು: ಲಿನಕ್ಸಿಗೆ ಮೀಸಲು, ಹಳೆಯ ಸಾಫ್ಟ್‌ವೇರಿನ ಲೆಕ್ಕಕ್ಕೆ ಸೇರುವುದಿಲ್ಲ, ಬೆಲೆಯೂ ಕಡಿಮೆ. ಒಳಗಿನ ಚಿಪ್ಪು ಮಾತ್ರ ಅದೇ. ಮೈಕ್ರೋಕೋಡಿನಿಂದ ಮೇನ್‌ಫ್ರೇಮಿನ ಮುಖ್ಯ ಆಪರೇಟಿಂಗ್ ಸಿಸ್ಟಮ್ಮಾದ ಝಡ್/ಓಎಸ್ ಓಡದಂತೆ ತಡೆದಿರುತ್ತಾರೆ. ಕಡಿಮೆ ಬೆಲೆಯ ಮಾದರಿಗಳಲ್ಲಿ ಸಾಮಾನ್ಯ ಪ್ರೊಸೆಸರಿನ ವೇಗವನ್ನು ಬೇಕೆಂದೇ ತಗ್ಗಿಸಿ ಮಾರುವಾಗಲೂ ಐಎಫ್‌ಎಲ್ ಪೂರ್ತಿ ವೇಗದಲ್ಲೇ ಓಡುತ್ತದೆ. ಅದೇ ಸಿಲಿಕಾನು, ಎರಡು ಬೆಲೆ. ಇದನ್ನು ಎಂಜಿನಿಯರಿಂಗ್ ಅನ್ನುವುದಕ್ಕಿಂತ ಜಾಣ ವ್ಯಾಪಾರ ಅನ್ನುವುದು ಸರಿ.

ಗಿರಾಕಿಗಳೂ ಬಂದರು. ಸ್ವೀಡನ್ನಿನ ಟೆಲಿಕಾಂ ಕಂಪನಿ ಟೆಲಿಯಾ 2000ದಲ್ಲಿ ಸುಮಾರು 70 ಸನ್ ಯುನಿಕ್ಸ್ ಸರ್ವರುಗಳ ಜಾಗಕ್ಕೆ ಒಂದೇ ಎಸ್/390 ತಂದು, 1,500 ಲಿನಕ್ಸ್‌ಗಳನ್ನು ಅದರಲ್ಲಿ ನಡೆಸುವ ಯೋಜನೆ ಪ್ರಕಟಿಸಿತು. ಅದೇ ವರ್ಷ ಸೂಸೆ ಮೊದಲ ವಾಣಿಜ್ಯ ಆವೃತ್ತಿ ತಂದಿತು, ರೆಡ್ ಹ್ಯಾಟ್ ಹಿಂಬಾಲಿಸಿತು, 2002ರ ಡೆಬಿಯನ್ 3.0ರಲ್ಲೂ ಎಸ್390ಕ್ಕೆ ಜಾಗ ಸಿಕ್ಕಿತು. ಮುಂದೆ ಬಹಳ ಕಂಪನಿಗಳನ್ನು ಎಳೆದದ್ದು ಒರಾಕಲ್ ಡೇಟಾಬೇಸ್. ಅದರ ಲೈಸೆನ್ಸು ಕೋರಿನ ಲೆಕ್ಕದಲ್ಲಿ. ಅರ್ಧ ಖಾಲಿ ಕೂತ ಹತ್ತಾರು ಸರ್ವರುಗಳ ಕೋರುಗಳಿಗೆ ದುಡ್ಡು ಕಟ್ಟುವ ಬದಲು, ಸದಾ ತುಂಬಿ ಓಡುವ ಕೆಲವೇ ಐಎಫ್‌ಎಲ್‌ಗಳಿಗೆ ಕಟ್ಟಿದರೆ ಉಳಿಯುವ ಹಣದಲ್ಲೇ ಯಂತ್ರದ ಬೆಲೆ ಹುಟ್ಟುತ್ತದೆ ಎಂಬ ವಾದ ಎಷ್ಟೋ ಆಡಳಿತ ಮಂಡಳಿಗಳ ಮುಂದೆ ಗೆದ್ದಿದೆ.

ಹಾಗೆಂದು ಎಲ್ಲರೂ ಇತ್ತ ಓಡಿಬರಲಿಲ್ಲ. ಎಕ್ಸ್86 ಸರ್ವರುಗಳಿಗೂ ಒಳ್ಳೆಯ ವರ್ಚುವಲೈಸೇಷನ್ ಬಂದ ಮೇಲೆ ಮೇನ್‌ಫ್ರೇಮಿನ ಮುಖ್ಯ ಹೆಚ್ಚುಗಾರಿಕೆ ಮಂಕಾಯಿತು. ಕ್ಲೌಡ್ ಬಂದ ಮೇಲಂತೂ ಯಂತ್ರ ಕೊಳ್ಳುವ ಪ್ರಶ್ನೆಯೇ ಹಲವರಿಗೆ ಉಳಿಯಲಿಲ್ಲ. ಐಬಿಎಂ 2015ರ ಆಗಸ್ಟಿನಲ್ಲಿ 'ಲಿನಕ್ಸ್‌ವನ್' ಹೆಸರಿನಲ್ಲಿ ಲಿನಕ್ಸ್ ಮಾತ್ರ ಓಡುವ ಮೇನ್‌ಫ್ರೇಮುಗಳನ್ನು ಬೇರೆ ಸಾಲಾಗಿ ತಂದದ್ದು ಈ ಹಿನ್ನೆಲೆಯಲ್ಲಿ. ಲಿನಕ್ಸ್ ಫೌಂಡೇಶನ್ನಿನ ಓಪನ್ ಮೇನ್‌ಫ್ರೇಮ್ ಪ್ರಾಜೆಕ್ಟ್ ಆಗಲೇ ಹುಟ್ಟಿತು, ಉಬುಂಟು ಜೊತೆಗೂಡಿತು. ಝಡ್/ವಿಎಂ ಕಲಿತವರು ಸಿಗುವುದು ಕಷ್ಟವಾಗಿದ್ದರಿಂದ ಎಲ್ಲರಿಗೂ ಗೊತ್ತಿದ್ದ ಕೆವಿಎಂ ಹೈಪರ್‌ವೈಸರನ್ನೂ ಕೊಟ್ಟರು.

ಆ ಹೊತ್ತಿಗೆ ತೊಡಕಿನ ಜಾಗ ಬದಲಾಗಿತ್ತು. ಕರ್ನಲ್ ಗಟ್ಟಿ, ಆದರೆ ಅದರ ಮೇಲೆ ಬೇಕಾದ ಪ್ಯಾಕೇಜು ಇಲ್ಲ. ಲಿನಕ್ಸಿನವರು ಎಸ್390ಎಕ್ಸ್ ಎಂದು ಕರೆಯುವ ಇಂದಿನ ಮೇನ್‌ಫ್ರೇಮ್ ದೊಡ್ಡ ಬೈಟನ್ನು ಮೊದಲಿಡುವ ಬಿಗ್ ಎಂಡಿಯನ್ ಯಂತ್ರ. ಇಂಟೆಲ್, ಆರ್ಮ್‌ಗಳಲ್ಲಿ ರೂಢಿ ಇದಕ್ಕೆ ತಿರುಗಮುರುಗ. ಪವರ್ ಪ್ರೊಸೆಸರಿನ ಲಿನಕ್ಸ್ ಕೂಡ 2014ರ ಸುಮಾರಿಗೆ ಲಿಟಲ್ ಎಂಡಿಯನ್ ಕಡೆ ವಾಲಿತು. ಇಂದು ಡೆಬಿಯನ್ ಅಧಿಕೃತವಾಗಿ ಬಿಡುಗಡೆ ಮಾಡುವವುಗಳಲ್ಲಿ ಬಿಗ್ ಎಂಡಿಯನ್ ಆಗಿ ಉಳಿದದ್ದು ಎಸ್390ಎಕ್ಸ್ ಒಂದೇ. ಲ್ಯಾಪ್‌ಟಾಪಿನಲ್ಲಿ ಬರೆದು, ಅಲ್ಲೇ ಪರೀಕ್ಷಿಸಿದ ಲೈಬ್ರರಿ ನಾಲ್ಕು ಬೈಟಿನ ಸಂಖ್ಯೆಯನ್ನು ಫೈಲಿನಿಂದ ನೇರವಾಗಿ ಎತ್ತಿಕೊಂಡರೆ ಇಲ್ಲಿ 1 ಎಂಬುದು 1,67,77,216 ಆಗುತ್ತದೆ. ಬರೆದವನ ಬಳಿ ಮೇನ್‌ಫ್ರೇಮ್ ಇರುವುದಿಲ್ಲ, ದೋಷ ಅವನ ಕಣ್ಣಿಗೆ ಬೀಳುವುದೇ ಇಲ್ಲ. ಗೋ ಭಾಷೆಗೆ 2016ರಲ್ಲಿ ಎಸ್390ಎಕ್ಸ್ ಬೆಂಬಲ ಸೇರಿದ್ದು, ಕಂಟೇನರ್ ವೇದಿಕೆ ಓಪನ್‌ಶಿಫ್ಟ್ 2020ರಲ್ಲಿ ಬಂದದ್ದು, ಅಭಿವೃದ್ಧಿಗಾರರಿಗೆ ಪುಕ್ಕಟೆ ವರ್ಚುವಲ್ ಮಷೀನ್ ಕೊಡುವುದು, ಎಲ್ಲವೂ ಈ ಕಂದಕ ಮುಚ್ಚುವ ಕೆಲಸವೇ. ಈ ಯಂತ್ರಗಳ ಸಾಫ್ಟ್‌ವೇರ್, ಫರ್ಮ್‌ವೇರ್ ಕೆಲಸದಲ್ಲಿ ಐಬಿಎಂನ ಬೆಂಗಳೂರು ಸಿಸ್ಟಮ್ಸ್ ಲ್ಯಾಬ್‌ನ ಪಾಲೂ ಇದೆ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಮಂತ್ರಿಯಾಗಿದ್ದಾಗ, 1978ರಲ್ಲಿ, ದೇಶ ಬಿಟ್ಟು ಹೋದ ಕಂಪನಿ ಅದು. 1992ರಲ್ಲಿ ಟಾಟಾ ಕೈ ಹಿಡಿದು ವಾಪಸ್ ಬಂದದ್ದು ಬೆಂಗಳೂರಿಗೇ.

ಈಚಿನ ವರ್ಷಗಳ ಒತ್ತು ಗುಟ್ಟು ಕಾಯುವುದರ ಮೇಲೆ. 2020ರಲ್ಲಿ ಬಂದ 'ಸೆಕ್ಯೂರ್ ಎಕ್ಸಿಕ್ಯೂಷನ್' ವ್ಯವಸ್ಥೆಯಲ್ಲಿ ಯಂತ್ರದ ಆಡಳಿತಗಾರನಿಗೂ ತನ್ನ ಹೈಪರ್‌ವೈಸರ್ ಮೂಲಕ ಒಳಗಿನ ಲಿನಕ್ಸಿನ ಮೆಮೊರಿ ಇಣುಕಲು ಆಗುವುದಿಲ್ಲ. 2022ರಲ್ಲಿ ಲಿನಕ್ಸ್‌ವನ್ ಸಾಲಿನ ಎಂಪರರ್ 4 ಯಂತ್ರ ಬಂದಾಗ, ಅಷ್ಟೇ ಕೆಲಸದ ಎಕ್ಸ್86 ಸರ್ವರುಗಳನ್ನು ಐದು ಎಂಪರರ್‌ಗಳಿಗೆ ಇಳಿಸಿದರೆ ವಿದ್ಯುತ್ ಬಳಕೆ ಶೇ. 75ರಷ್ಟು ತಗ್ಗುತ್ತದೆ ಎಂದು ಐಬಿಎಂ ಹೇಳಿಕೊಂಡಿತು. ಮಾರುವವರೇ ಹಾಕಿದ ಲೆಕ್ಕ. ಯಾವ ಸರ್ವರಿಗೆ, ಎಷ್ಟು ಖಾಲಿ ಓಡುವಾಗ ಹೋಲಿಸಿದರು ಎಂಬುದರ ಮೇಲೆ ಎಲ್ಲ ನಿಂತಿದೆ. ಹೊಸದಾಗಿ ಅಂಗಡಿ ತೆರೆದವರು ಇದನ್ನು ನೋಡಿ ಮೇನ್‌ಫ್ರೇಮ್ ಕೊಳ್ಳುವುದು ಅಪರೂಪ. ಕೊಳ್ಳುವವರು ಹೆಚ್ಚಾಗಿ ಖಾತೆ, ಪಾಲಿಸಿಗಳ ಮೂಲ ದಾಖಲೆಯನ್ನು ದಶಕಗಳಿಂದ ಝಡ್/ಓಎಸ್‌ನಲ್ಲೇ ಇಟ್ಟ ಬ್ಯಾಂಕು, ವಿಮಾ ಕಂಪನಿಗಳು. ಅವರ ಮೊಬೈಲ್ ಆ್ಯಪ್‌ನ ಹಿಂದಿನ ಲಿನಕ್ಸ್ ಅದೇ ಪೆಟ್ಟಿಗೆಯಲ್ಲಿದ್ದರೆ, ಕೋರಿಕೆ ಹೈಪರ್‌ಸಾಕೆಟ್ ಎಂಬ ಒಳದಾರಿಯಲ್ಲಿ ಮೆಮೊರಿಯಿಂದ ಮೆಮೊರಿಗೇ ದಾಟಿ ಕೊಬಾಲ್ ಪ್ರೋಗ್ರಾಮನ್ನು ತಲುಪುತ್ತದೆ, ತಂತಿಗೆ ಇಳಿಯುವುದಿಲ್ಲ. ಆ ಪ್ರೋಗ್ರಾಮುಗಳಲ್ಲಿ ವೈಟುಕೆ ಕಾಲದಲ್ಲಿ ನಮ್ಮವರೇ ತಿದ್ದಿದವೂ ಇದ್ದಾವು.