‘ಸ್ಕಾರ್ಚರ್’ ಎಂಬ ಆಂಗ್ಲ ಶಬ್ದದ ಚರಿತ್ರೆ

ಆಂಗ್ಲಭಾಷೆಯಲ್ಲಿ ‘ಸ್ಕಾರ್ಚ್’ ಎಂಬ ಧಾತುವಿಗೆ ಮೇಲ್ಮೈ ಕಮರುವಂತೆ ಸುಡುವುದೆಂದು ಅರ್ಥ. ಅದರಿಂದ ನಿಷ್ಪನ್ನವಾದ ‘ಸ್ಕಾರ್ಚರ್’ ಎಂಬ ಪದವು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಡುಬಿಸಿಲಿನ ದಿನಕ್ಕೆ ಹೆಸರಾಗಿ ಬಳಕೆಗೆ ಬಂದಿತು. ಇದು ಪಂಡಿತರ ಪದವಲ್ಲ, ಬೀದಿಯ ಗ್ರಾಮ್ಯೋಕ್ತಿ.

ತಾಪವಾಚಕವಾದ ಈ ಶಬ್ದವು ವೇಗವಾಚಕವಾಗುವುದಕ್ಕೆ ಬೈಸಿಕಲ್ಲೇ ನಿಮಿತ್ತವಾಯಿತು. 1885ರಲ್ಲಿ ಕಾವೆಂಟ್ರಿ ನಗರದ ಜಾನ್ ಕೆಂಪ್ ಸ್ಟಾರ್ಲಿಯು, ಚಕ್ರಗಳೆರಡೂ ಹೆಚ್ಚುಕಡಿಮೆ ಸಮನಾಗಿದ್ದ ‘ರೋವರ್’ ಎಂಬ ಬೈಸಿಕಲ್ಲನ್ನು ನಿರ್ಮಿಸಿದನು. 1888ರಲ್ಲಿ ಡನ್‌ಲಪ್ಪನು ಗಾಳಿ ತುಂಬಿದ ಟೈರಿಗೆ ಪೇಟೆಂಟು ಪಡೆದನು. ವಾಹನವು ಸುಲಭವೂ ಶೀಘ್ರವೂ ಆಗಲು, ತಲೆ ಬಗ್ಗಿಸಿ, ಬೆನ್ನು ಬಾಗಿಸಿ, ದಾರಿಹೋಕರನ್ನು ಲೆಕ್ಕಿಸದೆ ಧಾವಿಸುವ ಸವಾರರು ಹುಟ್ಟಿಕೊಂಡರು. 1890ರ ದಶಕದಲ್ಲಿ ಇಂಗ್ಲೆಂಡು, ಅಮೆರಿಕಗಳೆರಡರಲ್ಲಿಯೂ ಜನರು ಇವರನ್ನೇ ‘ಸ್ಕಾರ್ಚರ್’ಗಳೆಂದು ಕರೆದರು. ಬಿಸಿಲನ್ನು ಹಳಿಯುತ್ತಿದ್ದ ಮಾತು ಮನುಷ್ಯನನ್ನು ಹಳಿಯುವ ಮಾತಾಯಿತು.

ನ್ಯೂಯಾರ್ಕಿನಲ್ಲಿ ಈ ಉಪಟಳವು ಮಿತಿಮೀರಲು, ಮುಂದೆ ರಾಷ್ಟ್ರಾಧ್ಯಕ್ಷನಾದ ಥಿಯೊಡೋರ್ ರೂಸ್‌ವೆಲ್ಟನು ಪೊಲೀಸು ಕಮಿಷನರನಾಗಿದ್ದಾಗ, 1895ರಲ್ಲಿ, ಬೈಸಿಕಲ್ಲೇರಿದ ಪೊಲೀಸರ ದಳವೊಂದು ಏರ್ಪಟ್ಟಿತು. ವೇಗವನ್ನು ವೇಗದಿಂದಲೇ ಹಿಡಿಯಬೇಕೆಂಬುದು ಇದರ ತತ್ತ್ವ. 1899ರ ಮೇ 20ರಂದು ಈ ದಳದವನೊಬ್ಬನು, ಗಂಟೆಗೆ 12 ಮೈಲಿ ವೇಗದಲ್ಲಿ ವಿದ್ಯುತ್ ಟ್ಯಾಕ್ಸಿ ಓಡಿಸುತ್ತಿದ್ದ ಜೇಕಬ್ ಜರ್ಮನ್ ಎಂಬಾತನನ್ನು ಬೆನ್ನಟ್ಟಿ ಸೆರೆಹಿಡಿದನು. ಅಲ್ಲಿ ವಿಹಿತವಾಗಿದ್ದ ವೇಗ 8 ಮೈಲಿ. ಬೈಸಿಕಲ್ಲಿಗಾಗಿ ಹುಟ್ಟಿದ ಕಾವಲು ಹೀಗೆ ಮೋಟಾರಿಗೂ ಒದಗಿತು.

ಸಂಸ್ಕೃತದ ‘ತಪ್’ ಧಾತುವೂ ಇಂತಹ ಸಂಚಾರವನ್ನು ಮಾಡಿದೆ. ತಾಪವೆಂದರೆ ಬಿಸಿ, ಸಂತಾಪವೆಂದರೆ ದುಃಖ, ತಪಸ್ಸೆಂದರೆ ವ್ರತ, ಪ್ರತಾಪವೆಂದರೆ ಪರಾಕ್ರಮ. ಕಾವು ಅಲ್ಲಿ ಅರಸರಿಗೆ ಭೂಷಣವಾಯಿತು. ಆಂಗ್ಲರ ಬೀದಿಯಲ್ಲಿ ದುಡುಕಿನ ಸವಾರನಿಗೆ ದೂಷಣವಾಯಿತು.

ಬೈಸಿಕಲ್ಲಿನ ಅರ್ಥವು ಕಾಲಕ್ರಮದಲ್ಲಿ ಮರೆಯಾಗಿ, ಬಿಸಿಲಿನ ಅರ್ಥವೇ ಉಳಿದುಕೊಂಡಿತು. ಮೋಡ ಮಳೆಗಳೇ ಹೆಚ್ಚಾದ ಬ್ರಿಟನ್ನಿನಲ್ಲಿ ಬಿಸಿಲು ಅಪರೂಪದ ಅತಿಥಿಯಾದುದರಿಂದ, ಪತ್ರಿಕೆಗಳು ‘ಸ್ಕಾರ್ಚರ್’ ಎಂದು ದಪ್ಪಕ್ಷರಗಳಲ್ಲಿ ಅಚ್ಚುಹಾಕಿ ಹರ್ಷಿಸುವುದು ವಾಡಿಕೆಯಾಯಿತು. ಆದರೆ 2022ರ ಜುಲೈ 19ರಂದು ಲಿಂಕನ್‌ಷೈರಿನ ಕಾನಿಂಗ್ಸ್‌ಬಿಯಲ್ಲಿ ಉಷ್ಣತೆಯು 40.3 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಆ ಬೇಸಗೆಯ ಉಷ್ಣ ಅಲೆಗಳಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 3,000 ಅಧಿಕ ಮರಣಗಳು ಸಂಭವಿಸಿದುವೆಂದು ಆರೋಗ್ಯ ಇಲಾಖೆಯವರು ಅಂದಾಜು ಮಾಡಿದರು. ಅವರಲ್ಲಿ ವೃದ್ಧರೇ ಹೆಚ್ಚು.

ವಿನೋದಕ್ಕೆಂದು ಹುಟ್ಟಿದ ಪದವು ಇಷ್ಟು ಭಾರವನ್ನು ಹೊರಲಾರದು. ಸುಡುವುದೆಂಬ ಅದರ ಧಾತ್ವರ್ಥವನ್ನು ಅದನ್ನು ಆಡುವವರು ಪುನಃ ಸ್ಮರಿಸಬೇಕಾದ ಕಾಲವು ಒದಗಿದೆ.