ಬೆರಳು ಮಡಿಸಿದವರು ಯಾರು?

'ಎಲ್ಲವೂ ಹಣೆಬರಹ' ಎಂದು ನಿಟ್ಟುಸಿರು ಬಿಡುವವರೇ ಮರುಕ್ಷಣ 'ಅವನು ಹಾಗೆ ಮಾಡಬಾರದಿತ್ತು' ಎಂದು ಸಿಟ್ಟಾಗುತ್ತಾರೆ. ಮೊದಲ ಮಾತು ನಿಜವಾದರೆ ಎರಡನೆಯದಕ್ಕೆ ಅರ್ಥವಿಲ್ಲ. ಹಾಗೆ ಮಾಡದೆ ಇರಲು ಸಾಧ್ಯವೇ ಇರದಿದ್ದವನ ಮೇಲೆ ಸಿಟ್ಟಾಗುವುದೇಕೆ? ಆದರೂ ಈ ಎರಡು ಮಾತುಗಳಲ್ಲಿ ಯಾವುದನ್ನೂ ನಾವು ಬಿಟ್ಟುಕೊಟ್ಟಿಲ್ಲ. ಹೊಗಳಿಕೆ, ತೆಗಳಿಕೆ, ಶಿಕ್ಷೆ, ಪಶ್ಚಾತ್ತಾಪ ಇವೆಲ್ಲ ನಿಂತಿರುವುದು ಎರಡನೆಯ ಮಾತಿನ ಮೇಲೆ. ಆದ್ದರಿಂದ ಮನುಷ್ಯನ ಇಚ್ಛೆ ಸ್ವತಂತ್ರವೇ ಎಂಬ ಪ್ರಶ್ನೆ ಕೇವಲ ಪಂಡಿತರ ಚರ್ಚೆಯಲ್ಲ.

ಪ್ರಶ್ನೆ ಬಹಳ ಹಳೆಯದು. ಬುದ್ಧನ ಸಮಕಾಲೀನನಾದ ಮಕ್ಖಲಿ ಗೋಸಾಲ ಎಲ್ಲವನ್ನೂ ನಿಯತಿಯೇ ನಡೆಸುತ್ತದೆ, ಮಾನವಪ್ರಯತ್ನದಿಂದ ಏನೂ ಬದಲಾಗದು ಎಂದು ಸಾರಿದ. ಇದಕ್ಕೆ ನೇರ ವಿರುದ್ಧವಾಗಿ ಯೋಗವಾಸಿಷ್ಠವು ಪುರುಷಪ್ರಯತ್ನವನ್ನು ಎತ್ತಿಹಿಡಿಯಿತು. ಯುರೋಪಿನಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ 1814ರಲ್ಲಿ ನಿಯತಿವಾದಕ್ಕೆ ಭೌತಶಾಸ್ತ್ರದ ಬಲ ಕೊಟ್ಟ. ವಿಶ್ವದ ಪ್ರತಿಯೊಂದು ಕಣದ ಸ್ಥಾನವನ್ನೂ ಅದರ ಮೇಲೆ ವರ್ತಿಸುವ ಬಲಗಳನ್ನೂ ಬಲ್ಲ ಬುದ್ಧಿಯೊಂದಿದ್ದರೆ, ಅದಕ್ಕೆ ಭವಿಷ್ಯವೂ ಭೂತಕಾಲದಷ್ಟೇ ಸ್ಪಷ್ಟವಾಗಿ ಕಾಣುತ್ತದೆ ಎಂಬುದು ಅವನ ವಾದ. ಆದರೆ ಇವೆಲ್ಲವೂ ತರ್ಕದ ಮಾತುಗಳು. ಇಚ್ಛೆಯನ್ನು ಅಳೆದು ನೋಡುವ ಉಪಕರಣ ಯಾರ ಬಳಿಯೂ ಇರಲಿಲ್ಲ.

ಅಂಥ ಉಪಕರಣದ ಮೊದಲ ಸುಳಿವು ದೊರೆತದ್ದು ಜರ್ಮನಿಯಲ್ಲಿ. ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ಮೊದಲ ಬಾರಿಗೆ ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ಇಂದು ಆಸ್ಪತ್ರೆಗಳಲ್ಲಿ ಇ.ಇ.ಜಿ. ಎಂದು ಕರೆಯುವ ಪರೀಕ್ಷೆಯ ಮೂಲ ಇದೇ. ಅದೇ ದೇಶದ ಫ್ರೈಬರ್ಗ್ ವಿಶ್ವವಿದ್ಯಾಲಯದಲ್ಲಿ 1964ರಲ್ಲಿ ಹಾನ್ಸ್ ಕೋರ್ನ್‌ಹೂಬರ್ ಮತ್ತು ಅವರ ವಿದ್ಯಾರ್ಥಿ ಲ್ಯೂಡರ್ ಡೀಕೆ ಒಂದು ಸರಳ ಪ್ರಶ್ನೆ ಹಾಕಿಕೊಂಡರು. ಹೊರಗಿನ ಯಾವ ಪ್ರಚೋದನೆಯೂ ಇಲ್ಲದೆ, ಮನಸ್ಸು ಬಂದಾಗ ಬೆರಳು ಮಡಿಸುವ ವ್ಯಕ್ತಿಯ ಮೆದುಳಿನಲ್ಲಿ, ಬೆರಳು ಅಲುಗುವ ಮುಂಚೆ ಏನು ನಡೆಯುತ್ತದೆ?

ಇದನ್ನು ಕಂಡುಹಿಡಿಯುವುದು ಜಾತ್ರೆಯ ಗದ್ದಲದಲ್ಲಿ ಪಿಸುಮಾತನ್ನು ಕೇಳಿಸಿಕೊಂಡಂತೆ. ಹುಡುಕುತ್ತಿದ್ದ ಸಂಕೇತ ವೋಲ್ಟಿನ ಹತ್ತು ಲಕ್ಷದ ಕೆಲವೇ ಭಾಗಗಳಷ್ಟು ಸಣ್ಣದು. ನೂರಾರು ಬಾರಿ ಬೆರಳು ಮಡಿಸಲು ಹೇಳಿ ಎಲ್ಲ ದಾಖಲೆಗಳ ಸರಾಸರಿ ತೆಗೆದರೆ ಗದ್ದಲ ಒಂದಕ್ಕೊಂದು ವಜಾ ಆಗಿ ಪಿಸುಮಾತು ಉಳಿಯುತ್ತದೆ. ಆದರೆ ಬೆರಳು ಯಾವಾಗ ಅಲುಗೀತೆಂದು ಮುಂಚೆ ತಿಳಿಯದು. ಅಲುಗಿದ ಮೇಲೆಯೇ ಗೊತ್ತಾಗುವುದು. ಆದ್ದರಿಂದ ಅವರು ಎಲ್ಲವನ್ನೂ ಟೇಪಿನಲ್ಲಿ ಮುದ್ರಿಸಿಕೊಂಡು, ಟೇಪನ್ನು ಹಿಂದುಮುಂದಾಗಿ ಓಡಿಸಿ, ಚಲನೆಯ ಕ್ಷಣದಿಂದ ಹಿಂದಕ್ಕೆ ಲೆಕ್ಕ ಹಾಕಿದರು. ಬೆರಳು ಅಲುಗುವ ಸುಮಾರು ಒಂದು ಸೆಕೆಂಡಿಗೂ ಮುಂಚೆಯೇ ಮೆದುಳಿನ ವಿದ್ಯುತ್ತು ನಿಧಾನವಾಗಿ ಒಂದೇ ದಿಕ್ಕಿಗೆ ಬೆಳೆಯುತ್ತ ಬರುವುದು ಕಂಡಿತು. 1965ರಲ್ಲಿ ಪ್ರಕಟವಾದ ಈ ಸಂಕೇತವನ್ನು ನಾವು 'ಸಿದ್ಧತಾ ವಿಭವ' ಎನ್ನಬಹುದು. ಇದರಿಂದ ಇಚ್ಛಾಸ್ವಾತಂತ್ರ್ಯ ಸುಳ್ಳಾಯಿತೆಂದು ಅದನ್ನು ಕಂಡುಹಿಡಿದವರಿಗೆ ಅನಿಸಲಿಲ್ಲ ಎಂಬುದನ್ನು ಗಮನಿಸಬೇಕು.

ಆ ಸಂಶಯಕ್ಕೆ ಬಲ ಕೊಟ್ಟವರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಶರೀರಶಾಸ್ತ್ರಜ್ಞ ಬೆಂಜಮಿನ್ ಲಿಬೆಟ್. ಮೆದುಳಿನ ಸಿದ್ಧತೆ ಒಂದು ಕಡೆ ಇರಲಿ, 'ಈಗ ಮಡಿಸೋಣ' ಎಂಬ ಅರಿವು ಮೂಡುವುದು ಯಾವಾಗ ಎಂದು ಅವರು ಕೇಳಿದರು. ಗಡಿಯಾರದ ಮುಖದಂತಹ ಪರದೆಯ ಮೇಲೆ ಬೆಳಕಿನ ಚುಕ್ಕೆಯೊಂದು 2.56 ಸೆಕೆಂಡಿಗೆ ಒಂದು ಸುತ್ತು ಬರುತ್ತಿತ್ತು. ಇಷ್ಟ ಬಂದಾಗ ಕೈಯನ್ನು ಮಡಿಸಿ, ಇಚ್ಛೆ ಮೂಡಿದಾಗ ಚುಕ್ಕೆ ಎಲ್ಲಿತ್ತೆಂದು ನಂತರ ಹೇಳುವುದಷ್ಟೇ ಕೆಲಸ. 1983ರಲ್ಲಿ ಫಲಿತಾಂಶ ಹೊರಬಂದಿತು. ಚಲನೆಗೆ ಸುಮಾರು 550 ಮಿಲಿಸೆಕೆಂಡು ಮುಂಚೆ ಮೆದುಳಿನ ಸಿದ್ಧತೆ ಶುರು. ಅರಿವು ಮೂಡುವುದು ಸುಮಾರು 200 ಮಿಲಿಸೆಕೆಂಡು ಮುಂಚೆ. ಅಂದರೆ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ಕಾಲ ಮೆದುಳು ನಮಗಿಂತ ಮುಂದಿದೆ!

'ಮೆದುಳು ಮೊದಲೇ ತೀರ್ಮಾನಿಸಿಬಿಡುತ್ತದೆ, ನಮಗೆ ಸುದ್ದಿ ತಲಪುವುದು ಆಮೇಲೆ' ಎಂಬ ಮಾತು ಬೇಗ ಹರಡಿತು. ಲಿಬೆಟ್ ಮಾತ್ರ ಅಷ್ಟು ದೂರ ಹೋಗಲಿಲ್ಲ. ಉಳಿದಿರುವ ಅಲ್ಪ ಅವಧಿಯಲ್ಲಿ 'ಬೇಡ' ಎಂದು ತಡೆಯುವ ಅಧಿಕಾರ ಮನಸ್ಸಿಗಿದೆ ಎಂದು ಅವರು ವಾದಿಸಿದರು. ಬರ್ಲಿನ್ನಿನ ಜಾನ್-ಡಿಲನ್ ಹೇನ್ಸ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಯೋಗ ಈ ಮಾತಿಗೆ ಒಂದಿಷ್ಟು ಬೆಂಬಲ ಕೊಟ್ಟಿತು. ಸಿದ್ಧತೆ ಶುರುವಾದ ಮೇಲೂ ಚಲನೆಗೆ ಸುಮಾರು 200 ಮಿಲಿಸೆಕೆಂಡು ಉಳಿದಿರುವವರೆಗೆ ಅದನ್ನು ನಿಲ್ಲಿಸುವುದು ಸಾಧ್ಯವೆಂದು ಕಂಡಿತು. ಇದೇ ಹೇನ್ಸ್ ಅವರ ತಂಡ 2008ರಲ್ಲಿ, ಎಡ ಗುಂಡಿ ಒತ್ತುವರೋ ಬಲ ಗುಂಡಿ ಒತ್ತುವರೋ ಎಂಬುದನ್ನು ಹಲವು ಸೆಕೆಂಡುಗಳಷ್ಟು ಮುಂಚೆಯೇ ಮೆದುಳಿನ ಚಿತ್ರಗಳಿಂದ ಊಹಿಸಿತ್ತು. ಪತ್ರಿಕೆಗಳು ಅದನ್ನು ದೊಡ್ಡದಾಗಿ ಪ್ರಕಟಿಸಿದವು. ಆದರೆ ಊಹೆ ಸರಿಯಾದದ್ದು ನೂರಕ್ಕೆ ಸುಮಾರು 60 ಸಲ. ಕಣ್ಣು ಮುಚ್ಚಿ ಹೇಳಿದರೂ 50 ಸಲ ಸರಿಯಾಗುತ್ತದೆ. ಇದು ಒಲವೇ ಹೊರತು ವಿಧಿಯಲ್ಲ.

ಇನ್ನೂ ಆಳವಾದ ಪ್ರಶ್ನೆ 2012ರಲ್ಲಿ ಬಂದಿತು. ಫ್ರಾನ್ಸಿನಲ್ಲಿ ಆರನ್ ಷುರ್ಗರ್ ಮತ್ತು ಸಂಗಡಿಗರು, ಸಿದ್ಧತಾ ವಿಭವವು ನಿಜಕ್ಕೂ ತೀರ್ಮಾನದ ಗುರುತೇ ಎಂದು ಕೇಳಿದರು. ಮೆದುಳಿನ ವಿದ್ಯುತ್ತು ಎಂದೂ ಸುಮ್ಮನಿರದು. ಅದು ಏಳುತ್ತ ಬೀಳುತ್ತ ಇರುತ್ತದೆ. ತುಂಬಿದ ಕೆರೆಯನ್ನು ನೆನೆಸಿಕೊಳ್ಳಿ. ನೂರಾರು ಅಲೆಗಳಲ್ಲಿ ಕೆಲವು ಮಾತ್ರ ಕೋಡಿಯನ್ನು ದಾಟುತ್ತವೆ. ದಾಟಿದ ಅಲೆಗಳನ್ನಷ್ಟೇ ಆರಿಸಿಕೊಂಡು ಹಿಂದಕ್ಕೆ ನೋಡಿ ಸರಾಸರಿ ತೆಗೆದರೆ, ನೀರು ಮೊದಲಿನಿಂದಲೂ ಕೋಡಿಯತ್ತಲೇ ಏರುತ್ತ ಬಂದಂತೆ ಕಾಣುತ್ತದೆ. ದಾಟದೆ ಇಳಿದುಹೋದ ಅಲೆಗಳು ಲೆಕ್ಕಕ್ಕೇ ಬಂದಿಲ್ಲ! ಫ್ರೈಬರ್ಗಿನ ಹಿಂದುಮುಂದಾದ ಟೇಪು ಅದ್ಭುತ ಉಪಾಯವೇ ಸರಿ. ಆದರೆ ಚಲನೆ ನಡೆದ ಸಂದರ್ಭಗಳನ್ನಷ್ಟೇ ಅದು ತೋರಿಸುತ್ತಿತ್ತು. ಷುರ್ಗರ್ ಅವರ ಪ್ರಕಾರ ತೀರ್ಮಾನವೆಂಬುದು ಆ ಏರಿಕೆಯ ಆರಂಭವಲ್ಲ. ಬಹಳ ತಡವಾಗಿ, ಕೋಡಿ ದಾಟುವ ಹೊತ್ತಿಗೆ ಆಗುವ ಸಂಗತಿ. ಈ ವಿವರಣೆಯ ಮೇಲೆ ಚರ್ಚೆ ನಡೆದೇ ಇದೆ. ಆದರೂ ಲಿಬೆಟ್ ಪ್ರಯೋಗದ ಹಳೆಯ ಅರ್ಥವನ್ನು ಹಾಗೆಯೇ ಒಪ್ಪಿಕೊಳ್ಳುವಂತಿಲ್ಲ.

ಅಲ್ಲದೆ, ಕಾರಣವಿಲ್ಲದೆ ಬೆರಳು ಮಡಿಸುವುದು ನಮ್ಮ ಬದುಕಿನ ತೀರ್ಮಾನಗಳಿಗೆ ಮಾದರಿಯಾದೀತೆ? ಮಗಳನ್ನು ಓದಿಸುವುದೋ ಬಿಡಿಸುವುದೋ, ಸಾಕ್ಷಿ ಹೇಳುವುದೋ ಸುಮ್ಮನಿರುವುದೋ ಎಂದು ರಾತ್ರಿಯಿಡೀ ಯೋಚಿಸುವವನಿಗೂ ಯಾವುದೋ ಗುಂಡಿ ಒತ್ತುವವನಿಗೂ ವ್ಯತ್ಯಾಸವಿಲ್ಲವೇ? ಉರಿ ಮಾವೋಜ್ ಮತ್ತು ಸಂಗಡಿಗರು 2019ರಲ್ಲಿ ಇದನ್ನೇ ಪರೀಕ್ಷಿಸಿದರು. ಸೇವಾಸಂಸ್ಥೆಗಳಲ್ಲಿ ಯಾವುದಕ್ಕೆ ದಾನ ಸಲ್ಲಬೇಕೆಂದು ಆರಿಸುವ ಕೆಲಸ ಅದು. ಆಯ್ಕೆಗೆ ಬೆಲೆಯಿಲ್ಲದಾಗ ಸಿದ್ಧತಾ ವಿಭವ ಎಂದಿನಂತೆ ಕಂಡಿತು. ನಿಜವಾಗಿ ದಾನ ಸಲ್ಲುವುದೆಂದು ಯೋಚಿಸಿ ಆರಿಸಿದಾಗ ಅದು ಬಹುಮಟ್ಟಿಗೆ ಕಾಣಿಸಲೇ ಇಲ್ಲ.

ಹಾಗಾದರೆ ಇಚ್ಛಾಸ್ವಾತಂತ್ರ್ಯ ಸಾಬೀತಾಯಿತೇ? ಇಲ್ಲ. ಯೋಚನೆಯೂ ಮೆದುಳಿನ ಕೆಲಸವೇ; ಅದಕ್ಕೂ ಕಾರಣಗಳಿವೆ. ಲಾಪ್ಲಾಸನ ಪ್ರಶ್ನೆ ಇದ್ದಲ್ಲಿಯೇ ಇದೆ. ಆದರೆ ಹೊಣೆಗಾರಿಕೆಗೆ ಬೇಕಾದದ್ದು ಕಾರಣವೇ ಇಲ್ಲದ ಇಚ್ಛೆಯಲ್ಲ. ವಿವೇಚನೆಗೆ ಕಿವಿಗೊಡಬಲ್ಲ ಇಚ್ಛೆ. ಕೆನಡಾದ ಶಸ್ತ್ರಚಿಕಿತ್ಸಕ ವೈಲ್ಡರ್ ಪೆನ್‌ಫೀಲ್ಡ್ ಎಚ್ಚರದಲ್ಲಿದ್ದ ರೋಗಿಗಳ ಮೆದುಳಿಗೆ ವಿದ್ಯುತ್ ಮುಟ್ಟಿಸಿ ಕೈ ಅಲುಗಿಸಿದಾಗ, ಇದನ್ನು ಮಾಡಿದ್ದು ತಾವಲ್ಲ, ವೈದ್ಯರು ಎಂದು ರೋಗಿಗಳೇ ಹೇಳಿದ್ದರು. ಮಾಡಿದ್ದಕ್ಕೂ ಆದದ್ದಕ್ಕೂ ಇರುವ ಭೇದ ಮೆದುಳಿಗೇ ತಿಳಿದಿದೆ.

ನಮ್ಮ ಕಾನೂನು ಹಿಡಿದಿರುವ ಹಾದಿಯೂ ಇದಕ್ಕೆ ಹತ್ತಿರವಾದದ್ದು. 1860ರ ಭಾರತ ದಂಡ ಸಂಹಿತೆಯ 84ನೆಯ ಕಲಮು, ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮು, ಎರಡೂ ಕೇಳುವುದು ಒಂದನ್ನೇ: ಬುದ್ಧಿವಿಕಲತೆಯ ಕಾರಣದಿಂದ ಆರೋಪಿಗೆ ತನ್ನ ಕೃತ್ಯದ ಸ್ವರೂಪವನ್ನಾಗಲಿ, ಅದು ತಪ್ಪು ಅಥವಾ ಕಾನೂನುಬಾಹಿರ ಎಂಬುದನ್ನಾಗಲಿ ತಿಳಿಯುವ ಶಕ್ತಿ ಇರಲಿಲ್ಲವೇ? ಅವನ ಕೃತ್ಯಕ್ಕೆ ಮುಂಚೆ ಮೆದುಳಿನಲ್ಲಿ ಏನಾದರೂ ನಡೆದಿತ್ತೇ ಎಂದಲ್ಲ, ನಡೆದೇ ಇರುತ್ತದೆ.

ಕುಡಿತಕ್ಕೆ ಸಿಕ್ಕವನನ್ನು, ಕೋಪ ತಡೆಯಲಾರದ ಹುಡುಗನನ್ನು ನೋಡುವಾಗ ಈ ಇತಿಹಾಸ ನೆನಪಿರಬೇಕು. 'ಅವನ ಮೆದುಳೇ ಹಾಗೆ' ಎಂದು ಕೈಚೆಲ್ಲುವುದಕ್ಕೆ ವಿಜ್ಞಾನದ ಅಪ್ಪಣೆ ಇಲ್ಲ. 'ಮನಸ್ಸು ಮಾಡಿದರೆ ಬಿಡಬಹುದಿತ್ತು' ಎಂದು ಹಳಿದು ಸುಮ್ಮನಾಗುವುದಕ್ಕೂ ಇಲ್ಲ. 'ಬೇಡ' ಎನ್ನುವ ಶಕ್ತಿ ಎಲ್ಲರಲ್ಲೂ ಒಂದೇ ಪ್ರಮಾಣದಲ್ಲಿರುವುದಿಲ್ಲ. ಕಾಯಿಲೆ ಅದನ್ನು ಕುಗ್ಗಿಸುತ್ತದೆ. ಚಿಕಿತ್ಸೆ, ಅಭ್ಯಾಸ, ಜೊತೆಗಿರುವವರ ನೆರವು ಅದನ್ನು ಬೆಳೆಸಬಲ್ಲವು.